ಷಡಕ್ಷರಪ್ಪನವರ ದನಿ

ಮೂರನೇ ಭೇಟಿಗೂ ಮಜ್ಜಿಗೆಯೇ ಬಂತು.

ಸರ್ಕಲ್ ಇನ್ಸ್‌ಪೆಕ್ಟರ್ ಓಬಯ್ಯ ಲೋಟವನ್ನು ತುಟಿಗೂ ಸೋಕಿಸದೆ ಪಕ್ಕದ ಸ್ಟೂಲಿನ ಮೇಲಿಟ್ಟ. ಸೋಮವಾರ ಶಿವಮೊಗ್ಗದ ಈ ಮನೆಗೆ ಬಂದಾಗ ಸಾಹೇಬರು ಪೂಜೆಗೆ ಕೂತಿದ್ದರು. ಬುಧವಾರ ಮಲಗಿದ್ದರು, ಎಬ್ಬಿಸುವ ಹಾಗಿರಲಿಲ್ಲ. ಇವತ್ತು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿದ್ದರು. ಮೂರು ಸಲವೂ ಇದನ್ನೆಲ್ಲ ಹೇಳಿದವರು ಅವರ ಹೆಂಡತಿ ಸುಭದ್ರಮ್ಮ. ಅರವತ್ತರ ಹತ್ತಿರದ ಹೆಂಗಸು, ಹಣೆಗೆ ವಿಭೂತಿ, ಮೈಮೇಲೆ ಗಂಜಿ ಹಾಕಿದ ಹತ್ತಿ ಸೀರೆ. ಅವರ ಮಾತಿನಲ್ಲಿ ಅವಸರವೂ ಇರಲಿಲ್ಲ, ಸಂಕೋಚವೂ ಇರಲಿಲ್ಲ.

ಮಾಜಿ ಶಾಸಕ ಷಡಕ್ಷರಪ್ಪನವರನ್ನು ಕಾಣದೆ ಓಬಯ್ಯನ ಕೆಲಸ ಒಂದಡಿ ಮುಂದಕ್ಕೆ ಹೋಗುವಂತಿರಲಿಲ್ಲ. ಅವರಿಗೆ ಇಪ್ಪತ್ತು ವರ್ಷಕ್ಕೂ ಮೇಲೆ ಪಿ.ಎ. ಆಗಿದ್ದ ಲಿಂಗಪ್ಪನ ಹೆಣ ಹೋದ ಗುರುವಾರ ಹೊಳೆಹೊನ್ನೂರಿನ ಹತ್ತಿರ ಭದ್ರಾ ನಾಲೆಯಲ್ಲಿ ಸಿಕ್ಕಿತ್ತು.

ಕಾಲು ಜಾರಿ ಬಿದ್ದ ಅಂತ ಬರೆದು ಮುಗಿಸಿಬಿಡಿ ಎಂದು ಡಿ.ವೈ.ಎಸ್.ಪಿ. ದಿನಾ ಬೆಳಿಗ್ಗೆ ಹೇಳುತ್ತಿದ್ದರು. ಬರೆಯಬಹುದಿತ್ತು. ಆದರೆ ಹೆಣ ಕೊಯ್ದ ಡಾಕ್ಟರು ಶ್ವಾಸಕೋಶದಲ್ಲಿ ನೀರಿಲ್ಲ ಎಂದಿದ್ದರು. ತಲೆಯ ಹಿಂಭಾಗಕ್ಕೆ ಬಲವಾದ ಏಟು ಬಿದ್ದಿದೆ, ಮಂಗಳವಾರ ಬೆಳಿಗ್ಗೆ ತಿಂಡಿ ತಿಂದ ಸ್ವಲ್ಪ ಹೊತ್ತಿಗೇ ಜೀವ ಹೋಗಿದೆ ಎಂದೂ ಹೇಳಿದ್ದರು.

ಇನ್ನೊಂದು ವಿಷಯ ಓಬಯ್ಯನ ಕಣ್ಣಿಗೇ ಬಿದ್ದಿತ್ತು. ಹೆಣದ ಎರಡೂ ಕಾಲಿನಲ್ಲಿ ಸಾಕ್ಸ್ ಇತ್ತು. ಬೂಟು ಇರಲಿಲ್ಲ.

ನೀರಿಗೆ ಕೊಚ್ಚಿ ಹೋಗಿರುತ್ತೆ ಬಿಡ್ರಿ ಎಂದಿದ್ದರು ಡಿ.ವೈ.ಎಸ್.ಪಿ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಲಿಂಗಪ್ಪನ ಹೆಂಡತಿ ಬಂಗಾರಮ್ಮನನ್ನು ಕೇಳಿದರೆ, ಅವಳು ಅತ್ತೂ ಅತ್ತೂ ಒಣಗಿದ ದನಿಯಲ್ಲಿ, ಅವರದು ಲೇಸಿನ ಬೂಟು, ಎರಡೆರಡು ಗಂಟು ಹಾಕಿಕೊಳ್ಳುತ್ತಿದ್ದರು ಎಂದಳು. ನಾಲೆಯ ನೀರಿಗೆ ಗಂಟು ಬಿಚ್ಚಲು ಬರುವುದಿಲ್ಲ. ಲಿಂಗಪ್ಪ ತಾನಾಗಿಯೇ ಬೂಟು ಬಿಚ್ಚಿ ಯಾವುದೋ ಮನೆಯೊಳಗೆ ಹೋಗಿದ್ದ. ಆ ಮನೆಯಿಂದ ಅವನು ನಡೆದು ಹೊರಗೆ ಬಂದಿರಲಿಲ್ಲ.

ಯಾವ ಮನೆ? ಅದನ್ನು ಹೇಳುವವರೇ ಇಲ್ಲ. ಯಾರನ್ನು ಕೇಳಿದರೂ ಮೊದಲು ಷಡಕ್ಷರಪ್ಪನವರ ಗುಣಗಾನ. ನಾಲೆಯ ಗೇಟು ಕಾಯುವವನ ಮಗಳಿಗೆ ಅವರು ನರ್ಸಿಂಗ್ ಸೀಟು ಕೊಡಿಸಿದ್ದರು. ಹೆಣ ನೋಡಿದವನ ತಮ್ಮನನ್ನು ಕಾರ್ಖಾನೆಗೆ ಸೇರಿಸಿದ್ದರು. ಓಬಯ್ಯನ ಸ್ಟೇಷನ್ನಿನ ಹೆಡ್ ಕಾನ್‌ಸ್ಟೇಬಲ್ಲಿಗೆ ಊರ ಹತ್ತಿರಕ್ಕೆ ವರ್ಗ ಮಾಡಿಸಿದ್ದೂ ಅವರೇ. ಚಿತ್ರದುರ್ಗದ ಕಡೆಯಿಂದ ಬಂದ ಓಬಯ್ಯನೊಬ್ಬನಿಗೆ ಮಾತ್ರ ಆ ಮನುಷ್ಯ ಏನೂ ಮಾಡಿಕೊಟ್ಟಿರಲಿಲ್ಲ. ಅವರು ಸೋತು ನಾಲ್ಕು ವರ್ಷವಾಗಿದ್ದರೂ ತಾಲೂಕಿಗೆ ತಾಲೂಕೇ ಅವರ ಋಣದಲ್ಲಿ ಬಾಯಿ ಮುಚ್ಚಿಕೊಂಡು ಕೂತಿತ್ತು.

ಜೇಬಿನಲ್ಲಿದ್ದ ಮೊಬೈಲ್ ಹೊಡೆದುಕೊಂಡಿತು.

"ನಾನು ಷಡಕ್ಷರಪ್ಪ ಮಾತಾಡ್ತಿರೋದು."

ಆ ದನಿಯನ್ನು ಜಿಲ್ಲೆಯಲ್ಲಿ ಗುರುತಿಸದವರಿಲ್ಲ. ಕಂಚಿನ ಕೊಡಕ್ಕೆ ತಟ್ಟಿದಂಥ ದಪ್ಪ ದನಿ, ಪ್ರತಿ ಮಾತಿನ ಕೊನೆಯಲ್ಲಿ ಸಣ್ಣ ಎಳೆತ. ಲಿಂಗಪ್ಪ ಸತ್ತ ಮೇಲೆ ಈ ದನಿ ಸ್ಟೇಷನ್ನಿನ ಫೋನಿಗೆ ಹಲವು ಸಲ ಬಂದಿತ್ತು. ಮೊಬೈಲಿಗೆ ಬಂದದ್ದು ಇದೇ ಮೊದಲು.

ಕೇಸನ್ನು ಸುಮ್ಮನೆ ಎಳೆಯುತ್ತಿದ್ದೀರಿ, ನನ್ನ ಮನೆಯವನಂತಿದ್ದ ಹುಡುಗನ ಸಾವನ್ನು ಪೇಪರಿನವರ ಬಾಯಿಗೆ ಹಾಕುತ್ತಿದ್ದೀರಿ ಎಂದು ದನಿ ಬೇಸರ ಮಾಡಿಕೊಂಡಿತು. ಸೋಮವಾರದೊಳಗೆ ಮುಗಿಸಿ ಎಂದಿತು. ಈಗ ಎಲ್ಲಿದ್ದೀರಿ ಸರ್ ಎಂದು ಓಬಯ್ಯ ಕೇಳಿದ.

"ಬೆಂಗಳೂರಲ್ಲಿ. ವಿಧಾನಸೌಧದ ಮೂರನೇ ಮಹಡಿ. ಮಿನಿಸ್ಟ್ರು ಕರೀತಿದಾರೆ, ಇಡ್ತೀನಿ."

ಫೋನು ಕಟ್ಟಾಯಿತು. ಓಬಯ್ಯ ಪರದೆಯ ಮೇಲಿನ ನಂಬರು ನೋಡಿದ. ಮೊದಲ ಅಂಕಿಗಳು ಬೆಂಗಳೂರಿನದಲ್ಲ, ಭದ್ರಾವತಿಯದು.

ಅದೇ ಹೊತ್ತಿಗೆ ಒಳಗೆ ಸ್ಟೀಲಿನ ಬಟ್ಟಲೊಂದು ನೆಲಕ್ಕೆ ಬಿದ್ದು ಉರುಳಿದ ಸದ್ದಾಯಿತು. ಸುಭದ್ರಮ್ಮ ಮೆಲ್ಲಗೆ ಏನೋ ಗದರಿದರು. ಅದಕ್ಕೆ ಉತ್ತರವಾಗಿ ಒಬ್ಬ ಗಂಡಸು ಕ್ಷೀಣವಾಗಿ ಒಂದೇ ಮಾತು ಹೇಳಿದ.

"ಆಯ್ತು."

ಮನೆಯಲ್ಲಿ ನಾನೊಬ್ಬಳೇ ಇದ್ದೀನಿ ಎಂದಿದ್ದರು ಸುಭದ್ರಮ್ಮ. ಓಬಯ್ಯನಿಗೆ ತಡೆಯಲಾಗಲಿಲ್ಲ. ಎದ್ದು ಸೀದಾ ಒಳಗೆ ನುಗ್ಗಿದ.

ನಡುಮನೆಯ ಗಾಲಿಕುರ್ಚಿಯಲ್ಲಿ ಷಡಕ್ಷರಪ್ಪನವರು ಕೂತಿದ್ದರು. ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಬಾಯಿಯ ಬಲತುದಿ ಕೆಳಕ್ಕೆ ಜೋತಿತ್ತು. ಅವರ ಕತ್ತಿಗೆ ಟವಲು ಕಟ್ಟಿ, ಎದುರಿಗೆ ಕೂತಿದ್ದ ಸುಭದ್ರಮ್ಮ ಚಮಚದಲ್ಲಿ ರಾಗಿ ಗಂಜಿ ಕುಡಿಸುತ್ತಿದ್ದರು. ಕುರ್ಚಿಯ ಪಕ್ಕದ ಮೇಜಿನ ಮೇಲೆ ಟೆಲಿಫೋನು, ಅದರ ಮುಂದೆ ಒಂದು ಖಾಲಿ ಸ್ಟೂಲು.

ಸುಭದ್ರಮ್ಮ ತಲೆಯೆತ್ತಿ ನೋಡಿದರು. ಗಾಬರಿಯಾಗಲಿಲ್ಲ. ಟವಲಿನ ತುದಿಯಿಂದ ಗಂಡನ ಬಾಯಿ ಒರೆಸಿದರು.

"ನೋಡ್ಬಿಟ್ರಲ್ಲ ಇನ್ಸ್‌ಪೆಕ್ಟ್ರೇ," ಎಂದರು. "ಕೂತ್ಕೊಳ್ಳಿ."

"ಯಾವಾಗಿಂದ ಹೀಗಿದಾರೆ?"

ಎಂಟು ತಿಂಗಳಾಯಿತು ಎಂದರು ಸುಭದ್ರಮ್ಮ. ಒಂದು ಬೆಳಿಗ್ಗೆ ಮುಖ ತೊಳೆಯಲು ಹೋದವರು ಬಚ್ಚಲಲ್ಲೇ ಕುಸಿದರು. ದೂರದ ಆಸ್ಪತ್ರೆಗೆ ಸೇರಿಸಿದ್ದಾಯಿತು, ಯಾರಿಗೂ ಹೇಳಲಿಲ್ಲ. ಬಲಭಾಗ ಹೋಯಿತು, ಮಾತು ಹೋಯಿತು. ಉಳಿದದ್ದು ಆ ಒಂದು ಮಾತು.

ಓಬಯ್ಯ ಗಾಲಿಕುರ್ಚಿಯ ಮುಂದೆ ಬಗ್ಗಿದ.  ಸಿಟ್ಟು ಬಂದಿದ್ದರೂ ಸಮಾಧಾನವಾಗಿ, ಲಿಂಗಪ್ಪನ್ನ ಯಾರು ಕೊಂದರು ಅಂತ ನಿಮಗೆ ಗೊತ್ತಾ ಸರ್ ಎಂದು ಕೇಳಿದ.

"ಆಯ್ತು," ಎಂದರು ಷಡಕ್ಷರಪ್ಪ.

ನೀವು ನನ್ನ ಜೊತೆ ಫೋನಲ್ಲಿ ಮಾತಾಡಿದ್ದೀರಾ?

"ಆಯ್ತು."

ನನ್ನ ಪ್ರಶ್ನೆಯಾದರೂ ಅರ್ಥವಾಗುತ್ತಿದೆಯಾ?

"ಆಯ್ತು," ಎಂದು ಮುದುಕರು ಎಡಗೈಯನ್ನು ಮೆಲ್ಲಗೆ ಎತ್ತಿ, ಹೋಗಿ ಬಾ ಎಂದು ಹರಸುವವರಂತೆ ಆಡಿಸಿದರು.

ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಓಬಯ್ಯ ಸುಳ್ಳು ಹೇಳುವವರನ್ನು ಕಂಡಿದ್ದ, ಬಾಯೇ ಬಿಡದವರನ್ನೂ ಕಂಡಿದ್ದ. ಎಲ್ಲದಕ್ಕೂ ಒಪ್ಪಿಕೊಳ್ಳುವ ಸಾಕ್ಷಿ ಸಿಕ್ಕಿದ್ದು ಇದೇ ಮೊದಲು. ಎದ್ದು ನಿಂತು ಹಣೆ ಒತ್ತಿಕೊಂಡ.

"ಆ ಮಾತಿಂದ್ಲೇ ಅವರು ಐದು ಸಲ ಗೆದ್ದಿದ್ದು," ಎಂದರು ಸುಭದ್ರಮ್ಮ.

ಅವರು ಹೇಳತೊಡಗಿದರು. ಷಡಕ್ಷರಪ್ಪ ಹೊಳೆಹೊನ್ನೂರು ಸಂತೆಯಲ್ಲಿ ಭತ್ತದ ವ್ಯಾಪಾರಿಯ ಮಗ. ಲಾಯರಾಗಿ ಭದ್ರಾವತಿಗೆ ಬಂದು, ಕೋರ್ಟಿಗಿಂತ ಹೆಚ್ಚು ಹೊತ್ತು ಕಾರ್ಖಾನೆಗಳ ಗೇಟಿನ ಮುಂದೆ ಕಳೆದರು. ತಮಿಳರ ಜೊತೆ ತಮಿಳು, ತೆಲುಗರ ಜೊತೆ ತೆಲುಗು, ಸಾಬರ ಜೊತೆ ಅವರದೇ ಮಾತು. ಮೊದಲ ಚುನಾವಣೆಗೆ ಸೈಕಲ್ಲಿನಲ್ಲೇ ತಿರುಗಿ ಗೆದ್ದರು. ಆಮೇಲೆ ಶಿವಮೊಗ್ಗದಲ್ಲಿ ಈ ಮನೆ ಮಾಡಿದರು, ಈ ಹಜಾರದಲ್ಲಿ ಬೆಳಗಾಗುವ ಮೊದಲೇ ಜನ ಕೂರುತ್ತಿದ್ದರು. ಯಾರು ಏನು ಕೇಳಿದರೂ ಆಯ್ತು, ಮಾಡೋಣ. ಹತ್ತರಲ್ಲಿ ನಾಲ್ಕು ಕೆಲಸ ನಿಜಕ್ಕೂ ಆಗುತ್ತಿತ್ತು. ಉಳಿದ ಆರು ಮಂದಿಗೂ ಆಗೇ ಆಗುತ್ತದೆ ಅನ್ನುವ ನಂಬಿಕೆ ಇರುತ್ತಿತ್ತು.

ತೊಂಬತ್ತೊಂಬತ್ತರಲ್ಲಿ ಸೋತರು. ಮಾರನೇ ದಿನ ಹಜಾರ ಖಾಲಿ.

"ಆ ಖಾಲಿ ಕುರ್ಚಿಗಳನ್ನ ನೋಡ್ಕೊಂಡು ಇವರು ಮೂರು ತಿಂಗಳು ಊಟ ಸರಿಯಾಗಿ ಮಾಡ್ಲಿಲ್ಲ," ಎಂದರು. "ನಾನೂ ಮಾಡ್ಲಿಲ್ಲ."

ಆಮೇಲೆ ಕಂಪನಿಗಳು ಬಂದವು. ವಿಧಾನಸೌಧದ ಒಂದೊಂದು ಬಾಗಿಲೂ ನಿಮಗೆ ಗೊತ್ತು, ನಮ್ಮ ಪರವಾಗಿ ಒಂದು ಮಾತು ಹೇಳಿ ಸಾಕು ಎಂದವು. ಇಂಗ್ಲಿಷ್ ಪೇಪರಿನವರು ಅದನ್ನು ಲಾಬಿ ಎಂದರು. ಭದ್ರಾವತಿಯ ಹೋಟೆಲುಗಳಲ್ಲಿ ದಲ್ಲಾಳಿತನ ಎಂದರು. ಷಡಕ್ಷರಪ್ಪನವರು ಸಲಹೆಗಾರ ಎಂದು ಕಾರ್ಡು ಮಾಡಿಸಿಕೊಂಡರು. ಮತ್ತೆ ಹಜಾರ ತುಂಬಿತು. ಸೈಕಲ್ಲಿನವರ ಬದಲು ಕಾರಿನವರು ಬಂದರು, ಅಷ್ಟೇ. ಕೊನೆಯದಾಗಿ ಬಂದದ್ದು ಹೊಳೆಹೊನ್ನೂರಿನ ಹತ್ತಿರ ಶುರುವಾಗಬೇಕಿದ್ದ ಡಿಸ್ಟಿಲರಿ ಕಂಪನಿ. ಅದಕ್ಕೆ ಭದ್ರಾ ಹೊಳೆಯ ನೀರು ಬೇಕಿತ್ತು. ಆ ಕೆಲಸ ಅರ್ಧಕ್ಕೆ ಬಂದಿದ್ದಾಗಲೇ ಲಕ್ವ ಹೊಡೆಯಿತು.

ಲಿಂಗಪ್ಪನಿಗೆ ಮೊದಲಿನಿಂದಲೂ ಸಾಹೇಬರ ದನಿ ಬರುತ್ತಿತ್ತು. ಅವರು ಪ್ರವಾಸದಲ್ಲಿದ್ದಾಗ ತಹಸೀಲ್ದಾರನಿಗೋ ಡಿಪೋ ಮ್ಯಾನೇಜರನಿಗೋ ಸಾಹೇಬರಾಗಿ ಮಾತಾಡಿ ಸಣ್ಣ ಕೆಲಸ ಮುಗಿಸುತ್ತಿದ್ದ. ಎಂಟು ತಿಂಗಳಿಂದ ಆ ಸ್ಟೂಲಿನ ಮೇಲೆ ಕೂತು ದಿನವಿಡೀ ಅದನ್ನೇ ಮಾಡುತ್ತಿದ್ದ. ಬೆಂಗಳೂರಿನವರಿಗೆ ಸಾಹೇಬರು ಶಿವಮೊಗ್ಗದಲ್ಲಿದ್ದರು. ಶಿವಮೊಗ್ಗದವರಿಗೆ ಬೆಂಗಳೂರಿನಲ್ಲಿದ್ದರು. ಯಾರಿಗೂ ಅನುಮಾನ ಬರಲಿಲ್ಲ. ಅಡಿಗೆಯವಳನ್ನೂ ಬಿಡಿಸಿದ್ದಾಗಿತ್ತು.

ಓಬಯ್ಯ ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟ.

"ಅಮ್ಮಾ, ಲಿಂಗಪ್ಪ ಸತ್ತು ಹತ್ತು ದಿನ ಆಯ್ತು. ಈಗ ನಿಮ್ಮ ಹಜಾರದಲ್ಲಿ ಕೂತಿದ್ದಾಗ ಸಾಹೇಬ್ರು ನಂಜೊತೆ ಫೋನಲ್ಲಿ ಮಾತಾಡಿದ್ರು. ಯಾರದು?"

ಸುಭದ್ರಮ್ಮನ ಮುಖದ ಬಣ್ಣ ಇಳಿಯಿತು. ಅವರು ಮೊದಲು ನೋಡಿದ್ದು ಓಬಯ್ಯನನ್ನಲ್ಲ, ಗಂಡನನ್ನು. ಗಂಡ ಗಂಜಿಯ ಬಟ್ಟಲನ್ನು ನೋಡುತ್ತ ಕೂತಿದ್ದರು.

ನನಗೆ ಗೊತ್ತಿಲ್ಲ ಎಂದರು ಅವರು. ಈ ಗುಟ್ಟು ತಿಳಿದವರು ಮೂರೇ ಜನ. ತಾನು, ಲಿಂಗಪ್ಪ, ಮತ್ತೆ ಮಲ್ಲಿಕ್. ಮಲ್ಲಿಕ್ ಷಡಕ್ಷರಪ್ಪನವರ ಅಕ್ಕನ ಮಗ, ಅಪ್ಪನಿಲ್ಲದ ಹುಡುಗ ಅಂತ ಈ ಮನೆಯಲ್ಲೇ ಬೆಳೆದವನು. ಅದೇ ಡಿಸ್ಟಿಲರಿ ಕಂಪನಿಯ ಭದ್ರಾವತಿ ಆಫೀಸು ನೋಡಿಕೊಳ್ಳುತ್ತಿದ್ದ.

ಮಂಗಳವಾರ ಬೆಳಿಗ್ಗೆ ಲಿಂಗಪ್ಪ ಈ ಮನೆಗೆ ಬಂದಿದ್ದನೇ ಎಂದು ಓಬಯ್ಯ ಕೇಳಿದ. ಇಲ್ಲ, ದಾರಿ ನೋಡಿ ನೋಡಿ ಸಾಕಾಯಿತು ಎಂದರು ಸುಭದ್ರಮ್ಮ.

ಜೀಪು ಭದ್ರಾವತಿಯ ದಾರಿ ಹಿಡಿಯಿತು. ಏಪ್ರಿಲ್ ಬಿಸಿಲಿಗೆ ಜೀಪಿನ ಬಾಗಿಲು ಮುಟ್ಟುವ ಹಾಗಿರಲಿಲ್ಲ. ಡ್ರೈವರ್ ಬಾಬು ಸಾಬ್ ರಿಟೈರಾಗಲು ಹತ್ತಿರ ಬಂದ ಮನುಷ್ಯ, ಹುಟ್ಟಿ ಬೆಳೆದದ್ದೆಲ್ಲ ಓಲ್ಡ್ ಟೌನಿನಲ್ಲಿ. ಸಾಹೇಬ್ರು ಸಿಕ್ಕಿದ್ರಾ ಸರ್ ಎಂದು ಕೇಳಿದ. ಸಿಕ್ಕರು ಎಂದ ಓಬಯ್ಯ.

ಬಾಬು ಸಾಬ್ ತನ್ನ ಪಾಡಿಗೆ ಹಳೆಯ ಕಥೆ ತೆಗೆದ. ಷಡಕ್ಷರಪ್ಪನವರು ಎರಡನೇ ಸಲ ಗೆದ್ದ ಹೊಸದರಲ್ಲಿ, ಹೊಳೆಗೆ ಕೊಳೆನೀರು ಬಿಡುವಂಥ ಕಾರ್ಖಾನೆಯೊಂದು ಅದೇ ಹೊಳೆಹೊನ್ನೂರಿನ ಬಳಿ ಬರುವುದಿತ್ತಂತೆ. ಅವರು ಹಳ್ಳಿಹಳ್ಳಿಗೆ ಬರಿಗಾಲಲ್ಲಿ ನಡೆದು, ಹೊಳೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಜನರಿಂದ ಆಣೆ ಮಾಡಿಸಿ, ಅದನ್ನು ಓಡಿಸಿದರಂತೆ. ಆ ನಡಿಗೆಯಲ್ಲಿ ಅವರ ಹೆಗಲಿಗೆ ಹೆಗಲಾಗಿ ನಡೆದ ಹುಡುಗನೇ ಲಿಂಗಪ್ಪ. ಅಲ್ಲಿಂದಲೇ ಅವನು ಅವರ ಹಿಂದೆ ಬಿದ್ದದ್ದು.

"ನಿನಗೇನು ಮಾಡ್ಕೊಟ್ಟಿದಾರೆ ಅವರು?" ಎಂದು ಓಬಯ್ಯ ಕೇಳಿದ.

ನಮ್ಮ ಮೊಹಲ್ಲಾಕ್ಕೆ ನಲ್ಲಿ ಎಂದ ಬಾಬು ಸಾಬ್.

 ಈ ಊರಲ್ಲಿ ನೀರು ಕುಡಿಯಲೂ ಆ ಮನುಷ್ಯನ ಹೆಸರು ಹೇಳಬೇಕಾದ ಪರಿಸ್ಥಿತಿ.

ಕಂಪನಿಯ ಆಫೀಸು ನ್ಯೂ ಟೌನಿನಲ್ಲಿ, ಒಂದು ಹಳೆಯ ಬಂಗಲೆಯಲ್ಲಿತ್ತು. ಓಬಯ್ಯ ಹೊರಗೆ ಗೇಟಿನ ಬಳಿ ನಿಂತು, ಬೆಳಿಗ್ಗೆ ತನಗೆ ಬಂದ ನಂಬರಿಗೆ ತಿರುಗಿ ಫೋನು ಮಾಡಿದ. ಕಿಟಕಿಯೊಳಗೆ ಟೆಲಿಫೋನು ಹೊಡೆದುಕೊಂಡಿತು. ಮೂವತ್ತೈದರ ಒಬ್ಬ ಎತ್ತರದ ಯುವಕ ಅದನ್ನೆತ್ತಿ ಹಲೋ ಎಂದ. ಓಬಯ್ಯ ಫೋನು ಕಿವಿಗಿಟ್ಟುಕೊಂಡೇ ಒಳಗೆ ನಡೆದು ಅವನ ಮೇಜಿನ ಮುಂದೆ ನಿಂತ.

"ವಿಧಾನಸೌಧದ ಮೂರನೇ ಮಹಡಿ ಚೆನ್ನಾಗಿದೆ," ಎಂದ.

ಮಲ್ಲಿಕ್ ಹೆಚ್ಚು ಹೊತ್ತು ತಡೆದುಕೊಳ್ಳಲಿಲ್ಲ. ಹೌದು, ಮಾವನ ದನಿಯಲ್ಲಿ ಮಾತಾಡಿದ್ದು ನಾನೇ ಎಂದ. ಚಿಕ್ಕಂದಿನಿಂದ ಆ ದನಿ ಕೇಳಿ ಬೆಳೆದವನಿಗೆ ಅದೇನೂ ಕಷ್ಟವಿರಲಿಲ್ಲ. ಬರುವ ಸೋಮವಾರ ಶಿವಮೊಗ್ಗದಲ್ಲಿ ನೀರಿನ ವಿಚಾರಕ್ಕೆ ಕೊನೆಯ ಸಭೆ. ಅಲ್ಲಿಯವರೆಗೆ ಮಾವ ಇದ್ದಾರೆ ಅನ್ನುವ ಭಯ ಅಧಿಕಾರಿಗಳಿಗೆ ಇರಬೇಕಿತ್ತು. ಅಷ್ಟರಲ್ಲಿ ಲಿಂಗಪ್ಪನ ಸಾವು ದೊಡ್ಡ ಸುದ್ದಿಯಾದರೆ ಪೊಲೀಸರು ಮಾವನ ಮನೆಯೊಳಗೆ ಬರುತ್ತಾರೆ, ಗುಟ್ಟು ಬಯಲಾಗುತ್ತದೆ, ತನ್ನ ಕೆಲಸ ಹೋಗುತ್ತದೆ. ಹೆದರಿಕೆಯಿಂದ ಹಾಗೆ ಮಾಡಿದೆ ಎಂದ.

ನಿನಗೂ ಲಿಂಗಪ್ಪನಿಗೂ ಜಗಳವಿತ್ತಾ ಎಂದು ಓಬಯ್ಯ ಕೇಳಿದ.

ಮಲ್ಲಿಕ್ ತಲೆತಗ್ಗಿಸಿದ. ಇತ್ತು. ಎರಡು ತಿಂಗಳಿಂದ ಯಾವ ಆಫೀಸಿಗೆ ಹೋದರೂ ಅಧಿಕಾರಿಗಳು ಇವನನ್ನು ವಿಚಿತ್ರವಾಗಿ ನೋಡುತ್ತಿದ್ದರು. ಕೊನೆಗೊಬ್ಬರು ಬಾಯಿಬಿಟ್ಟರು. ನಿಮ್ಮ ಮಾವನೇ ಫೋನು ಮಾಡಿ ಈ ಕಂಪನಿಗೆ ನೀರು ಕೊಡಬೇಡಿ ಎಂದಿದ್ದಾರಲ್ಲ, ನೀವೇನು ಕೇಳುವುದಕ್ಕೆ ಬಂದಿದ್ದೀರಿ ಎಂದರಂತೆ.

ಲಿಂಗಪ್ಪ, ಕಂಪನಿ ದುಡ್ಡು ಕೊಟ್ಟು ಇಟ್ಟುಕೊಂಡಿದ್ದ ಸಾಹೇಬರ ದನಿಯಲ್ಲಿ ಕಂಪನಿಯ ವಿರುದ್ಧವೇ ಮಾತಾಡುತ್ತಿದ್ದ.

"ಕೇಳಿದ್ದಕ್ಕೆ ಏನಂದ ಗೊತ್ತಾ ಸರ್? ಸಾಹೇಬ್ರಿಗೆ ಮಾತು ಬಂದಿದ್ರೆ ಅವರು ಇದನ್ನೇ ಹೇಳ್ತಿದ್ರು, ನಾನು ಅವರ ಮಾತನ್ನೇ ಆಡ್ತಿದೀನಿ, ಅಂದ. ಸೋಮವಾರದ ಸಭೆಗೆ ಮಾವನ್ನ ಗಾಲಿಕುರ್ಚಿ ಸಮೇತ ಕರ್ಕೊಂಡೋಗಿ, ಎಲ್ಲರ ಮುಂದೆ ನಿಜ ಹೇಳ್ತೀನಿ ಅಂದ."

ಅದನ್ನು ನೀನು ಯಾರಿಗೆ ಹೇಳಿದೆ?

ಅತ್ತೆಗೆ ಎಂದ ಮಲ್ಲಿಕ್. ಲಿಂಗಪ್ಪ ಸಾಯುವ ಹಿಂದಿನ ದಿನ, ಸೋಮವಾರ ರಾತ್ರಿ, ಬೆಂಗಳೂರಿಗೆ ಹೊರಡುವ ಮೊದಲು ಫೋನಿನಲ್ಲಿ ಎಲ್ಲ ಹೇಳಿದೆ. ಅವರು, ನೀನು ಹೋಗಿ ಬಾ, ನಾನು ಬುದ್ಧಿ ಹೇಳ್ತೀನಿ ಎಂದರು.

ಮಂಗಳವಾರ ಇಡೀ ದಿನ ಮಲ್ಲಿಕ್ ಬೆಂಗಳೂರಿನಲ್ಲಿ ಕಂಪನಿಯ ಸಭೆಯಲ್ಲಿದ್ದ. ಅಲ್ಲಿದ್ದ ಒಬ್ಬ ಅಧಿಕಾರಿಯ ಹೆಸರು ಹೇಳಿದ. ಓಬಯ್ಯ ಅಲ್ಲಿಂದಲೇ ಫೋನು ಮಾಡಿ ಕೇಳಿದ. ನಿಜವಾಗಿತ್ತು. ಲಿಂಗಪ್ಪನ ತಲೆಗೆ ಏಟು ಬಿದ್ದ ಹೊತ್ತಿಗೆ ಮಲ್ಲಿಕ್ ಹಲವರ ಎದುರು ಕೂತಿದ್ದ.

ಓಬಯ್ಯನಿಗೆ ತಲೆ ಸಿಡಿಯುವಂತಾಯಿತು. ಕಡೆಗೂ ಸಿಕ್ಕ ಒಬ್ಬ ಒಳ್ಳೆಯ ಆರೋಪಿ, ಅವನೂ ಕೈತಪ್ಪಿದ. ಎದ್ದು ಬಾಗಿಲವರೆಗೆ ಹೋದವನನ್ನು ಮಲ್ಲಿಕ್ ಹಿಂದಿನಿಂದ ಕರೆದ.

"ಒಂದು ವಿಷಯ ಸರ್. ಲಿಂಗಪ್ಪಂಗೆ ನನ್ನ ಮೇಲೆ ಎಷ್ಟು ಸಿಟ್ಟಿತ್ತು ಅಂದ್ರೆ, ಮಂಗಳವಾರ ಸಾಯಂಕಾಲ ಮಾವನ ದನೀಲೇ ಫೋನ್ ಮಾಡಿ ನನ್ನನ್ನ ಹೆದರಿಸೋಕೆ ನೋಡ್ದ."

ಓಬಯ್ಯ ನಿಂತ. "ಮಂಗಳವಾರ ಯಾವಾಗ?"

"ಸಾಯಂಕಾಲ. ಮೀಟಿಂಗ್ ಮುಗಿಸಿ ಹೊರಗೆ ಬರ್ತಿದ್ದೆ. ಮಾವನ ಮನೆ ನಂಬರಿಂದಾನೇ ಬಂತು."

"ಏನಂದ?"

ದನಿ ಯಾವತ್ತಿನ ಹಾಗಿರಲಿಲ್ಲ ಎಂದ ಮಲ್ಲಿಕ್. ಗಂಟಲು ಕಟ್ಟಿದಂತಿತ್ತು, ತಡೆದು ತಡೆದು ಬರುತ್ತಿತ್ತು. ಮಲ್ಲಿ, ಈ ಮನೆಗೆ ಬರಬೇಡ, ಎಂದಷ್ಟೇ ಹೇಳಿತು. ನಾಟಕ ಸಾಕು ಲಿಂಗಪ್ಪ ಎಂದು ಇವನು ಬೈದನಂತೆ.

"ಲಿಂಗಪ್ಪ ನಿನ್ನ ಮಲ್ಲಿ ಅಂತ ಕರೀತಿದ್ನಾ?"

"ಇಲ್ಲ. ಮಲ್ಲಿಕಣ್ಣ ಅಂತಿದ್ದ. ಮಲ್ಲಿ ಅನ್ನೋದು ಮಾವ ಮಾತ್ರ..."

 ಮಲ್ಲಿಕ್ ಮೇಜಿನ ಅಂಚು ಹಿಡಿದುಕೊಂಡ. ಲಿಂಗಪ್ಪ ಸತ್ತದ್ದು ಬೆಳಿಗ್ಗೆ ಅನ್ನುವುದು ಪೇಪರಿನಲ್ಲೂ ಬಂದಿತ್ತು, ಅದನ್ನೂ ಆ ಫೋನನ್ನೂ ಅವನು ಜೋಡಿಸಿ ನೋಡಿರಲಿಲ್ಲ. ಸಾಯಂಕಾಲ ಮಾತಾಡಿದವನು ಲಿಂಗಪ್ಪನಾಗಿರಲು ಸಾಧ್ಯವಿರಲಿಲ್ಲ. ಇತ್ತ ಮಲ್ಲಿಕ್ ಫೋನಿನ ಈ ತುದಿಯಲ್ಲಿದ್ದ. ಆ ದನಿ ಬರುವವರು ಇನ್ನೊಬ್ಬರೇ ಉಳಿದಿದ್ದರು. ಆ ದನಿಯ ಒಡೆಯರು.

ಓಬಯ್ಯ ಶಿವಮೊಗ್ಗಕ್ಕೆ ಮರಳಿದಾಗ ಬಿಸಿಲು ಇಳಿಯುತ್ತಿತ್ತು. ದಾರಿಯುದ್ದಕ್ಕೂ ಬಾಬು ಸಾಬನಿಗೆ ಅವನು ಮೂರು ಸಲ ಸುಮ್ಮಸುಮ್ಮನೆ ರೇಗಿದ್ದ. ರೇಗುತ್ತಿದ್ದದ್ದು ತನ್ನ ಮೇಲೇ. ಬೆಳಿಗ್ಗೆ ಆ ಮುದುಕರ ಮುಖದ ಮುಂದೆ ಮುಖವಿಟ್ಟು ಪ್ರಶ್ನೆ ಕೇಳಿ, ಆಯ್ತು ಅನ್ನುವುದೊಂದೇ ಅವರಿಗೆ ಬರುವ ಮಾತು ಅಂತ ನಂಬಿ ಬಂದಿದ್ದ.

ಬಾಗಿಲು ತೆರೆದ ಸುಭದ್ರಮ್ಮ, ಮಲ್ಲಿಕ್ ಸಿಕ್ಕನಾ ಎಂದು ಕೇಳಿದರು. ಸಿಕ್ಕ ಎಂದ ಓಬಯ್ಯ. ಬೂಟು ಬಿಚ್ಚಿಟ್ಟು ಒಳಗೆ ಬಂದು, ತಲೆನೋವು ಅಮ್ಮಾ, ಒಂದು ಲೋಟ ಕಾಫಿ ಸಿಗುತ್ತಾ ಎಂದ. ಅವರು ಅವನನ್ನು ಒಂದು ಗಳಿಗೆ ನೋಡಿ, ಹಿತ್ತಿಲ ಕಡೆಯ ಅಡಿಗೆಮನೆಗೆ ಹೋದರು.

ಷಡಕ್ಷರಪ್ಪನವರು ಅದೇ ಗಾಲಿಕುರ್ಚಿಯಲ್ಲಿದ್ದರು. ಓಬಯ್ಯ ಫೋನಿನ ಮುಂದಿನ ಸ್ಟೂಲನ್ನು ಎಳೆದು ಅವರ ಎದುರಿಗೆ ಕೂತ.

"ಸರ್, ಕೇಸು ಮುಗೀತು. ಕೊಲೆ ಮಾಡಿದ್ದು ನಿಮ್ಮ ಮಲ್ಲಿಕ್. ಇನ್ನೊಂದು ಗಂಟೇಲಿ ಅರೆಸ್ಟ್ ಮಾಡ್ತೀನಿ."

ಷಡಕ್ಷರಪ್ಪನವರು ಆಯ್ತು ಅನ್ನಲಿಲ್ಲ.

  ಓಬಯ್ಯ ಮೆಲುದನಿಯಲ್ಲಿ, ಒಂದೊಂದನ್ನೇ ಬಿಡಿಸಿ ಹೇಳಿದ. ಮಲ್ಲಿಕ್‌ಗೂ ಲಿಂಗಪ್ಪನಿಗೂ ಜಗಳವಿತ್ತು. ಲಿಂಗಪ್ಪ ಬಾಯಿಬಿಟ್ಟರೆ ಮಲ್ಲಿಕ್‌ನ ಕೆಲಸ ಹೋಗುತ್ತಿತ್ತು. ಮಲ್ಲಿಕ್ ಪೊಲೀಸರಿಗೆ ಸುಳ್ಳು ಫೋನು ಮಾಡಿದ್ದಾನೆ. ನ್ಯಾಯಾಧೀಶರಿಗೆ ಇಷ್ಟು ಸಾಕು. ಅಪ್ಪನಿಲ್ಲದ ಹುಡುಗ, ನೀವೇ ಸಾಕಿ ಬೆಳೆಸಿದವನು, ಜೀವಮಾನವೆಲ್ಲ ಒಳಗೇ ಕೊಳೆಯಬೇಕಾಗುತ್ತದೆ. ನೀವು ಐದು ಸಲ ಗೆದ್ದವರು, ಊರಿಗೆಲ್ಲ ಮಾತಾಡಿದವರು. ಅವನಿಗೋಸ್ಕರ ಒಂದು ಮಾತಾಡುವವರು ಯಾರೂ ಇಲ್ಲ.

ಮುದುಕರ ಕಣ್ಣಂಚು ಒದ್ದೆಯಾಯಿತು. ಎಡಗೈ ಮಡಿಲಿನಿಂದ ಎದ್ದು, ಗಾಳಿಯಲ್ಲಿ ತಡಕಾಡಿ, ಓಬಯ್ಯನ ಮಣಿಕಟ್ಟನ್ನು ಹಿಡಿಯಿತು. ಆ ಹಿಡಿತ ಕಾಯಿಲೆಯವರ ಹಿಡಿತದಂತಿರಲಿಲ್ಲ.

"ಅವನಲ್ಲ."

ಕಂಚಿನ ದನಿ ಒಡೆದು ಹೋಗಿತ್ತು. ಆದರೂ ಅದೇ ದನಿ. ಕೊನೆಯ ಆ ಸಣ್ಣ ಎಳೆತವೂ ಇತ್ತು.

 ಯಾವಾಗಿಂದ ಮಾತು ಬಂದಿದೆ ಎಂದು ಓಬಯ್ಯ ಕೇಳಿದ. ಷಡಕ್ಷರಪ್ಪನವರು ತುಟಿಯನ್ನು ಕಷ್ಟಪಟ್ಟು ಕೂಡಿಸಿ, ಒಂದೊಂದು ಮಾತನ್ನೂ ಎತ್ತಿ ಇಡುವಂತೆ ಹೇಳಿದರು. ಎರಡು ತಿಂಗಳಾಯಿತು. ಮೊದಲು ಲಿಂಗಪ್ಪನಿಗಷ್ಟೇ ತಿಳಿದದ್ದು. ನೀರು ಕೊಡಬೇಡಿ ಅಂತ ಹೇಳು ಎಂದು ಅವನಿಗೆ ಹೇಳಿಕೊಟ್ಟದ್ದು ತಾನೇ. ಲಿಂಗಪ್ಪ ಕೊನೆಯವರೆಗೂ ಆ ಗುಟ್ಟು ಬಿಟ್ಟುಕೊಡಲಿಲ್ಲ, ತಪ್ಪನ್ನೆಲ್ಲ ತನ್ನ ತಲೆಗೇ ಕಟ್ಟಿಕೊಂಡ.

"ಕೊನೆವರೆಗೂ ಅಂದ್ರೆ? ನೀವು ನೋಡಿದ್ರಾ ಸರ್?"

ಮುದುಕರು ನೆಲವನ್ನು ನೋಡಿದರು. ಓಬಯ್ಯ ಕೂತಿದ್ದ ಸ್ಟೂಲಿನ ಕಾಲಿನ ಬಳಿಯ ನೆಲವನ್ನು.

"ಇಲ್ಲೇ," ಎಂದರು.

"ಯಾರು ಸರ್?"

 ಷಡಕ್ಷರಪ್ಪನವರು ಕತ್ತನ್ನು ಮುಂದಕ್ಕೆ ಚಾಚಿ, ಓಬಯ್ಯನ ಕಿವಿಯ ಹತ್ತಿರ ಬಂದರು.

"ಮೊದ್ಲು ಬಾಗಿಲು ಹಾಕಿ. ನಂಗೆ ಮಾತು ಬಂದಿದೆ ಅಂತ... ಸುಭದ್ರಂಗೆ ಗೊತ್ತಾಗಬಾರದು."

ಓಬಯ್ಯ ಬಾಗಿಲು ಹಾಕಲು ತಿರುಗಿದ. ಕಾಫಿಯ ಲೋಟ ಹಿಡಿದು ಸುಭದ್ರಮ್ಮ ಆಗಲೇ ಹೊಸ್ತಿಲಲ್ಲಿ ನಿಂತಿದ್ದರು.